ಆಟಕ್ಕುಂಟು, ಲೆಕ್ಕಕ್ಕಿಲ್ಲ
(ಬಾನುಲಿ ಭಾಷಣದ ಬರಹರೂಪ)

ನಮ್ಮ ಮಕ್ಕಳ ಆಟಗಳಲ್ಲಿ ಒಂದು ಉದಾರವಾದ ಪದ್ಧತಿ ಉಂಟು. ದೊಡ್ಡ ಹುಡುಗರು ಅಂಗಳದಲ್ಲಿ ಆಡುತ್ತಿರುವಾಗ ಮನೆಯ ಚಿಕ್ಕವನೊಬ್ಬ ತಾನೂ ಬರುತ್ತೇನೆಂದು ಅಳುತ್ತ ನಿಂತರೆ ಅವನನ್ನು ಓಡಿಸುವುದಿಲ್ಲ. ಆಟದೊಳಕ್ಕೆ ಸೇರಿಸಿಕೊಂಡು, ಅವನ ಕಿವಿಗೆ ಬೀಳದಂತೆ ತಮ್ಮತಮ್ಮಲ್ಲೇ ಒಂದು ಮಾತು ಹೇಳಿಕೊಳ್ಳುತ್ತಾರೆ: ಇವನು ಆಟಕ್ಕುಂಟು, ಲೆಕ್ಕಕ್ಕಿಲ್ಲ. ಅವನು ಓಡಬಹುದು, ಕೂಗಬಹುದು, ಬಿದ್ದು ಮಂಡಿ ತರಚಿಕೊಳ್ಳಲೂಬಹುದು. ಅವನು ಸೋತರೆ ಯಾರಿಗೂ ನಷ್ಟವಿಲ್ಲ, ಗೆದ್ದರೆ ಯಾರಿಗೂ ಲಾಭವಿಲ್ಲ. ವಿಶ್ವಕಪ್ ಕಾಲ್ಚೆಂಡಾಟದ ಮೊದಲ ಎರಡು ವಾರಗಳನ್ನು ನೋಡುವಾಗಲೆಲ್ಲ ನನಗೆ ಈ ಮಾತು ನೆನಪಾಗುತ್ತದೆ. ಅಲ್ಲಿಯೂ ಲೆಕ್ಕಕ್ಕೆ ಇಲ್ಲದವರೆಂದು ಎಲ್ಲರೂ ಮೊದಲೇ ತೀರ್ಮಾನಿಸಿಬಿಟ್ಟ ತಂಡಗಳು ಇರುತ್ತವೆ. ಅವು ತಮ್ಮನ್ನು ಲೆಕ್ಕಕ್ಕೆ ಹಿಡಿಯಿರೆಂದು ಪಟ್ಟುಹಿಡಿಯುವ ಹದಿನೈದು ದಿನಗಳು ಅವು.

ಕಾಲ್ಚೆಂಡಾಟದ ಪರಿಚಯ ಅಷ್ಟಾಗಿ ಇಲ್ಲದ ಕೇಳುಗರಿಗಾಗಿ ಪಂದ್ಯಾವಳಿಯ ಕ್ರಮವನ್ನು ಎರಡು ಮಾತಿನಲ್ಲಿ ಹೇಳುತ್ತೇನೆ. ನಾಲ್ಕು ನಾಲ್ಕು ತಂಡಗಳನ್ನು ಸೇರಿಸಿ ಗುಂಪು ಮಾಡುತ್ತಾರೆ. ಗುಂಪಿನ ಪ್ರತಿಯೊಂದು ತಂಡವೂ ಉಳಿದ ಮೂವರೊಡನೆ ಒಂದೊಂದು ಪಂದ್ಯ ಆಡಬೇಕು. ಗೆದ್ದರೆ 1990ರವರೆಗೆ 2 ಅಂಕ ಸಿಗುತ್ತಿತ್ತು, 1994ರಿಂದ 3 ಸಿಗುತ್ತದೆ, ಸಮವಾದರೆ ಒಂದು. ಮೊದಲ ಎರಡು ಸ್ಥಾನ ಪಡೆದವರು ಮುಂದಿನ ಸುತ್ತಿಗೆ ಹೋಗುತ್ತಾರೆ. ಅಂಕಗಳು ಸಮನಾದಾಗ, 2022ರವರೆಗೆ, ಹೊಡೆದ ಗೋಲುಗಳಿಂದ ಬಿಟ್ಟುಕೊಟ್ಟ ಗೋಲುಗಳನ್ನು ಕಳೆದು ಉಳಿಕೆ ನೋಡುವುದು, ಅದೂ ಸಮನಾದರೆ ಹೊಡೆದ ಗೋಲುಗಳನ್ನು ಎಣಿಸುವುದು, ಹೀಗೆ ಒಂದರ ಮೇಲೊಂದು ಸೂತ್ರಗಳಿದ್ದವು. ಇದಿಷ್ಟೂ ಮುಗಿದ ಮೇಲೆ ಬರುವುದು ಸೋತವನು ಮನೆಗೆ ಎನ್ನುವ ಕಟ್ಟುನಿಟ್ಟಿನ ಹಂತ.

ಬಹುಮಂದಿ ರಸಿಕರು ಆ ಎರಡನೆಯ ಹಂತಕ್ಕಾಗಿ ಕಾಯುತ್ತಾರೆ. ನನ್ನ ಒಲವು ಮೊದಲನೆಯದರ ಕಡೆಗೆ. ಅಂತಿಮ ಪಂದ್ಯದಲ್ಲಿ ಇರುವುದು ಒಂದೇ ಪ್ರಶ್ನೆ, ಅದಕ್ಕೆ ಒಂದೇ ಉತ್ತರ. ಗುಂಪಿನ ಹಂತದಲ್ಲಿ ಹಾಗಲ್ಲ. ಇಂದು ಸೋತವನಿಗೆ ನಾಳೆ ಎಂಬುದೊಂದಿದೆ. ಗೆದ್ದವನು ಗೆಲುವನ್ನು ಕೈಯಲ್ಲಿ ಹಿಡಿದುಕೊಂಡೇ ಮನೆಗೆ ಮರಳಬೇಕಾಗಬಹುದು. ಎಲ್ಲಕ್ಕಿಂತ ವಿಚಿತ್ರವೆಂದರೆ, ತನ್ನ ಪಾಡನ್ನು ತಾನು ಆಡದ ಪಂದ್ಯವೊಂದು, ಇನ್ನೊಂದು ಊರಿನ ಮೈದಾನದಲ್ಲಿ, ತನ್ನ ಪರಿಚಯವೇ ಇಲ್ಲದ ಇಪ್ಪತ್ತೆರಡು ಮಂದಿಯ ಕಾಲಿನಲ್ಲಿ ನಿರ್ಣಯಿಸಿಬಿಡಬಹುದು. ಇದು ಆಟಕ್ಕಿಂತ ಹೆಚ್ಚಾಗಿ ಸಂಸಾರದ ರೀತಿ.

ನೋಡುವವನಿಗೆ ಒಂದು ಪಕ್ಷ ಬೇಕು. ಪಕ್ಷವಿಲ್ಲದೆ ಆಟ ನೋಡುವುದೆಂದರೆ ಉಪ್ಪಿಲ್ಲದ ಊಟ. ನಮ್ಮ ದೇಶದ ಅಭಿಮಾನಿಗೆ ಇಲ್ಲಿಯೇ ತೊಡಕು. ಭಾರತ ಪುರುಷರ ವಿಶ್ವಕಪ್ಪಿನ ಅಂಗಳದಲ್ಲಿ ಇದುವರೆಗೆ ಒಂದು ಪಂದ್ಯವನ್ನೂ ಆಡಿಲ್ಲ. ಒಂದೇ ಒಂದು ಸಲ, 1950ರಲ್ಲಿ ಬ್ರೆಜಿಲಿನಲ್ಲಿ ನಡೆದ ಪಂದ್ಯಾವಳಿಗೆ, ನಮ್ಮ ತಂಡ ಇಟಲಿ, ಸ್ವೀಡನ್, ಪರಾಗ್ವೆಗಳ ಗುಂಪಿನಲ್ಲಿ ಹೆಸರು ಪಡೆದಿತ್ತು. ನಾವು ಹೋಗಲಿಲ್ಲ. ಆ ಗುಂಪು ಮೂವರಲ್ಲೇ ಮುಗಿಯಿತು. ಬರಿಗಾಲಿನಲ್ಲಿ ಆಡಲು ಬಿಡಲಿಲ್ಲವೆಂದು ಹೋಗಲಿಲ್ಲ ಎಂಬ ಕಥೆ ಇಂದಿಗೂ ಜನಪ್ರಿಯವಾಗಿದೆ. ದೂರದ ಪ್ರಯಾಣ, ಅಭ್ಯಾಸಕ್ಕೆ ಸಮಯದ ಅಭಾವ, ವಿಶ್ವಕಪ್ಪಿಗಿಂತ ಒಲಿಂಪಿಕ್ಸೇ ದೊಡ್ಡದೆಂದು ಅಂದಿನ ಅಧಿಕಾರಿಗಳು ತಿಳಿದದ್ದು, ಇವೇ ನಿಜವಾದ ಕಾರಣಗಳೆಂದು ತಿಳಿದವರು ಹೇಳುತ್ತಾರೆ. ಅದಕ್ಕೆ ಎರಡು ವರ್ಷ ಮೊದಲು, 1948ರ ಲಂಡನ್ ಒಲಿಂಪಿಕ್ಸಿನಲ್ಲಿ, ಬಹುಪಾಲು ಬರಿಗಾಲಿನಲ್ಲೇ ಆಡಿ ಫ್ರಾನ್ಸಿಗೆ 1-2ರಿಂದ ಮಾತ್ರ ಸೋತ ತಂಡ ನಮ್ಮದು. ನಮ್ಮ ಬೆಂಗಳೂರಿನ ಅಹಮದ್ ಖಾನ್ ಆ ತಂಡದಲ್ಲಿದ್ದರು. ಅಂಥವರು ಇಟಲಿಯ ಎದುರು ನಿಂತಿದ್ದರೆ ಏನಾಗುತ್ತಿತ್ತೋ! ಸೋಲುತ್ತಿದ್ದರೆಂದೇ ಇಟ್ಟುಕೊಳ್ಳೋಣ. ಆದರೂ ಆಟಕ್ಕುಂಟು ಎನಿಸಿಕೊಳ್ಳುತ್ತಿದ್ದರು.

ಹಾಗಾಗಿ ನಾವು ಪರರ ತಂಡಗಳನ್ನು ದತ್ತು ತೆಗೆದುಕೊಂಡವರು. ಕೇರಳ, ಬಂಗಾಳಗಳಲ್ಲಿ ಬ್ರೆಜಿಲ್ ಮತ್ತು ಆರ್ಜೆಂಟೀನಗಳ ಹೆಸರಿನಲ್ಲಿ ಬೀದಿಬೀದಿಗಳೇ ಇಬ್ಭಾಗವಾಗುತ್ತವೆ. ಬೆಂಗಳೂರಿನ ಗೌತಮಪುರದಲ್ಲಿ ಪೆಲೆಗೆ ಪ್ರತಿಮೆಯೇ ಇದೆ. ನನ್ನ ದತ್ತುಸ್ವೀಕಾರ ಸ್ವಲ್ಪ ಚಂಚಲವಾದದ್ದು. ಪ್ರತಿ ಪಂದ್ಯದಲ್ಲಿಯೂ ಯಾರು ಸೋಲುವರೆಂದು ಪತ್ರಿಕೆಗಳು ಬರೆದಿರುತ್ತವೆಯೋ ಅವರೇ ಆ ರಾತ್ರಿಯ ಮಟ್ಟಿಗೆ ನನ್ನವರು. ಇದರಲ್ಲಿ ದೊಡ್ಡ ತತ್ತ್ವವೇನೂ ಇಲ್ಲ. ಬಲ್ಲಿದರ ಪಕ್ಷಕ್ಕೆ ನನ್ನ ಒಂದು ದನಿ ಸೇರಿದರೆ ಅದು ಕೇಳಿಸುವುದಿಲ್ಲ, ಇವರ ಪಕ್ಷಕ್ಕೆ ಸೇರಿದರೆ ಕೇಳಿಸೀತು ಎಂಬ ಆಸೆ, ಅಷ್ಟೆ.

ಹೀಗೆ ಪರದೇಶದ ತಂಡವೊಂದನ್ನು ಊರಿಗೆ ಊರೇ ದತ್ತು ತೆಗೆದುಕೊಂಡ ಕಥೆಯೊಂದಿದೆ. 1966ರ ಪಂದ್ಯಾವಳಿ ಇಂಗ್ಲೆಂಡಿನಲ್ಲಿ ನಡೆಯಿತು. ಉತ್ತರ ಕೊರಿಯ ತನ್ನ ಗುಂಪಿನ ಮೂರೂ ಪಂದ್ಯಗಳನ್ನು ಮಿಡ್ಲ್ಸ್‌ಬರೊ ಎಂಬ ಕಾರ್ಖಾನೆಗಳ ಊರಿನಲ್ಲಿ ಆಡಬೇಕಾಗಿತ್ತು. ಕೊರಿಯದ ಯುದ್ಧ ನಿಂತು ಆಗ ಹದಿಮೂರೇ ವರ್ಷ. ಆ ಯುದ್ಧದಲ್ಲಿ ಬ್ರಿಟಿಷ್ ಸೈನಿಕರು ಇವರ ವಿರುದ್ಧ ಹೋರಾಡಿದ್ದರು. ಬಂದವರು ಆಳೆತ್ತರದಲ್ಲಿ ಚಿಕ್ಕವರು, ಭಾಷೆ ಬಾರದವರು, ಲೆಕ್ಕಕ್ಕಿಲ್ಲದವರು. ಮೊದಲ ಪಂದ್ಯದಲ್ಲಿ ರಷ್ಯನ್ನರಿಗೆ 0-3ರಿಂದ ಸೋತರು. ಎರಡನೆಯದರಲ್ಲಿ, ಇನ್ನೇನು ಮುಗಿಯಿತೆನ್ನುವಾಗ ಗೋಲು ಹೊಡೆದು ಚಿಲಿಯೊಡನೆ ಸಮ ಮಾಡಿಕೊಂಡರು. ಅಷ್ಟು ಹೊತ್ತಿಗೆ ಊರಿನವರಿಗೆ ಇವರ ಮೇಲೆ ಪ್ರೀತಿ ಹುಟ್ಟಿತ್ತು. ಜುಲೈ 19ರಂದು ಎರಡು ಬಾರಿ ವಿಶ್ವವಿಜಯಿಯಾಗಿದ್ದ ಇಟಲಿಯ ಎದುರು ಪಾಕ್ ಡೂ ಇಕ್ ಎಂಬಾತ ವಿರಾಮಕ್ಕೆ ಸ್ವಲ್ಪ ಮುಂಚೆ ಒಂದು ಗೋಲು ಹೊಡೆದ. ಅದೇ ಕೊನೆಯ ಗೋಲೂ ಆಯಿತು. ಇಟಲಿಯ ಒಬ್ಬ ಆಟಗಾರ ಗಾಯಗೊಂಡು ಹೊರಗೆ ಹೋಗಿದ್ದನೆಂಬುದನ್ನೂ, ಬದಲಿ ಆಟಗಾರರನ್ನು ಇಳಿಸುವ ನಿಯಮ ಆಗ ಇರಲಿಲ್ಲವೆಂಬುದನ್ನೂ ನ್ಯಾಯಕ್ಕಾಗಿ ಹೇಳಬೇಕು. ಇಟಲಿಯವರು ಊರಿಗೆ ಮರಳಿದಾಗ ಅಭಿಮಾನಿಗಳು ಕೊಳೆತ ಹಣ್ಣುಗಳಿಂದ ಸ್ವಾಗತಿಸಿದರು.

ಮುಂದಿನ ಪಂದ್ಯ ಲಿವರ್‌ಪೂಲಿನಲ್ಲಿ. ಮಿಡ್ಲ್ಸ್‌ಬರೊದ ಜನ ಸಾವಿರಗಟ್ಟಲೆ ಅಲ್ಲಿಗೆ ಹೋದರು, ತಮ್ಮ ದೇಶದ ಆಟ ನೋಡಲಿಕ್ಕಲ್ಲ, ಕೊರಿಯದವರಿಗೆ ಚಪ್ಪಾಳೆ ತಟ್ಟಲಿಕ್ಕೆ. ಪೋರ್ಚುಗಲ್ ಎದುರು 3-0ರಿಂದ ಮುಂದಿದ್ದ ಕೊರಿಯನ್ನರು ಯೂಸೆಬಿಯೊನ ನಾಲ್ಕು ಗೋಲುಗಳಿಗೆ ಸಿಕ್ಕಿ 3-5ರಿಂದ ಸೋತರು. 2002ರಲ್ಲಿ, ಬದುಕುಳಿದಿದ್ದ ಆ ಆಟಗಾರರು ಮುದುಕರಾಗಿ ಮಿಡ್ಲ್ಸ್‌ಬರೊಗೆ ಮತ್ತೊಮ್ಮೆ ಬಂದರು. ಆ ಹಳೆಯ ಮೈದಾನ ಅಷ್ಟರಲ್ಲಿ ಇರಲಿಲ್ಲ; ಅಲ್ಲಿ ಮನೆಗಳು ಎದ್ದಿದ್ದವು. ಆದರೆ ಗೋಲು ಹೊಡೆದ ಜಾಗವನ್ನು ನೆನಪಿಡಲು ಮನೆಗಳ ನಡುವೆ ಒಂದು ಚಿಕ್ಕ ಕಂಚಿನ ಗುರುತನ್ನು ಇಟ್ಟಿದ್ದಾರೆ. ಎರಡು ದೇಶಗಳ ಸರ್ಕಾರಗಳಿಗೆ ಮಾಡಲಾಗದ ಕೆಲಸವನ್ನು ಗುಂಪಿನ ಹಂತದ ಒಂದು ಪಂದ್ಯ ಮಾಡಿತು.

ಸಂತೋಷದ ಈ ಕಥೆಯ ಪಕ್ಕದಲ್ಲಿ ಹೊಟ್ಟೆಯಲ್ಲಿ ಉರಿ ಹುಟ್ಟಿಸುವ ಇನ್ನೊಂದನ್ನು ಇಡಬೇಕು. 1982ರ ಪಂದ್ಯಾವಳಿ ಸ್ಪೇನಿನಲ್ಲಿ. ಆಲ್ಜೀರಿಯ ಸ್ವತಂತ್ರವಾಗಿ ಇಪ್ಪತ್ತು ವರ್ಷವಾಗಿತ್ತು. ವಿಶ್ವಕಪ್ಪಿಗೆ ಅದು ಬಂದದ್ದು ಅದೇ ಮೊದಲು. ಜೂನ್ 16ರಂದು ಹಿಹೋನ್ ಎಂಬ ಕಡಲತೀರದ ಊರಿನಲ್ಲಿ ಅದರ ಮೊದಲ ಎದುರಾಳಿ ಪಶ್ಚಿಮ ಜರ್ಮನಿ, ಅಂದಿನ ಯೂರೋಪಿನ ಚಾಂಪಿಯನ್. ಮಾಜೆರ್ ಮೊದಲ ಗೋಲು ಹೊಡೆದ. ಜರ್ಮನಿಯ ರುಮೆನಿಗ್ಗೆ ಅದನ್ನು ಸಮ ಮಾಡಿದ. ಇನ್ನು ಜರ್ಮನ್ ಯಂತ್ರ ಓಡತೊಡಗುತ್ತದೆ ಎಂದು ಎಲ್ಲರೂ ಭಾವಿಸುವಷ್ಟರಲ್ಲಿ, ಚೆಂಡನ್ನು ನಡುವೆ ಇಟ್ಟು ಆಟ ಮತ್ತೆ ಆರಂಭಿಸಿದ ಕೂಡಲೇ, ಆಲ್ಜೀರಿಯದವರು ಅದನ್ನು ಕಾಲಿನಿಂದ ಕಾಲಿಗೆ ಸಾಗಿಸಿಕೊಂಡು ಹೋದರು. ಬೆಲ್ಲೂಮಿ ಅದನ್ನು ಬಲೆಗೆ ತಲುಪಿಸಿದ. 2-1. ಆ ಗೋಲಿನ ಚಿತ್ರವನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಹೊಡೆತ ತಿಂದವನು ಅಳುವ ಮೊದಲೇ ನಗುವುದನ್ನು ನೋಡಿದಂತೆ ಪ್ರತಿಸಲವೂ ಆಶ್ಚರ್ಯವಾಗುತ್ತದೆ.

ಎರಡನೆಯ ಪಂದ್ಯದಲ್ಲಿ ಆಸ್ಟ್ರಿಯಕ್ಕೆ 0-2ರಿಂದ ಸೋತ ಆಲ್ಜೀರಿಯ, ಜೂನ್ 24ರಂದು ಚಿಲಿಯನ್ನು 3-2ರಿಂದ ಸೋಲಿಸಿತು. ವಿರಾಮದ ಹೊತ್ತಿಗೆ 3-0 ಆಗಿದ್ದ ಪಂದ್ಯ ಅದು. ಬಿಟ್ಟುಕೊಟ್ಟ ಆ ಎರಡು ಗೋಲುಗಳು ಆಮೇಲೆ ಮುಳ್ಳಾದವು. ಮರುದಿನ ಅದೇ ಹಿಹೋನಿನಲ್ಲಿ ಪಶ್ಚಿಮ ಜರ್ಮನಿ ಮತ್ತು ಆಸ್ಟ್ರಿಯಗಳ ಪಂದ್ಯ. ಲೆಕ್ಕ ಹಾಕಿ ನೋಡಿದರೆ ಜರ್ಮನಿ ಒಂದು ಅಥವಾ ಎರಡು ಗೋಲುಗಳಿಂದ ಗೆದ್ದರೆ ಇಬ್ಬರೂ ಮುಂದಕ್ಕೆ, ಆಲ್ಜೀರಿಯ ಮನೆಗೆ. ಬೇರೆ ಏನೇ ಆದರೂ ಆಲ್ಜೀರಿಯ ಮುಂದಕ್ಕೆ. ಈ ಲೆಕ್ಕ ಎರಡು ತಂಡಗಳಿಗೂ ಗೊತ್ತಿತ್ತು, ಯಾಕೆಂದರೆ ಆಲ್ಜೀರಿಯದ ಪಂದ್ಯ ಒಂದು ದಿನ ಮೊದಲೇ ಮುಗಿದುಹೋಗಿತ್ತು. ಹತ್ತು ನಿಮಿಷಗಳಲ್ಲಿ ಹ್ರುಬೆಶ್ ಜರ್ಮನಿಗೆ ಒಂದು ಗೋಲು ತಂದುಕೊಟ್ಟ. ಆಮೇಲೆ, ವಿಶೇಷವಾಗಿ ವಿರಾಮದ ನಂತರ, ನಡೆದದ್ದು ಹಾವೂ ಸಾಯದ ಕೋಲೂ ಮುರಿಯದ ಆಟ. ಚೆಂಡು ಇವರಿಂದ ಇವರಿಗೆ, ಹಿಂದಕ್ಕೆ, ಪಕ್ಕಕ್ಕೆ, ಮತ್ತೆ ಹಿಂದಕ್ಕೆ. ಸ್ಪೇನಿನ ಪ್ರೇಕ್ಷಕರು ಬಿಳಿಯ ಕರವಸ್ತ್ರಗಳನ್ನು ಬೀಸಿ ಹೀಯಾಳಿಸಿದರು. ಆಲ್ಜೀರಿಯದ ಪ್ರೇಕ್ಷಕರು ನೋಟುಗಳನ್ನು ಎತ್ತಿ ತೋರಿಸಿದರು. ಆಸ್ಟ್ರಿಯದ ದೂರದರ್ಶನದ ವಿವರಣೆಗಾರನೇ, ತನ್ನ ದೇಶ ಮುಂದಿನ ಸುತ್ತಿಗೆ ಹೋಗುತ್ತಿದ್ದರೂ, ಪೆಟ್ಟಿಗೆಯನ್ನು ಆರಿಸಿಬಿಡಿ ಎಂದು ನೋಡುಗರಿಗೆ ಹೇಳಿದ.

ಆಲ್ಜೀರಿಯ ದೂರು ಕೊಟ್ಟಿತು. ಫಿಫಾ, ಎಂದರೆ ವಿಶ್ವ ಕಾಲ್ಚೆಂಡಾಟದ ಆಡಳಿತ ಸಂಸ್ಥೆ, ದೂರನ್ನು ತಳ್ಳಿಹಾಕಿತು. ಯಾವ ನಿಯಮವೂ ಮುರಿದಿರಲಿಲ್ಲ. ನಿಧಾನವಾಗಿ ಆಡಬಾರದೆಂದು ಎಲ್ಲಿ ಬರೆದಿದೆ? ಈ ಪ್ರಕರಣದಲ್ಲಿ ನನ್ನನ್ನು ಇಂದಿಗೂ ಕಾಡುವುದು ಇದೇ. ಕಳ್ಳತನವಾದರೆ ಕಳ್ಳನನ್ನು ಹಿಡಿಯಬಹುದು; ಇಲ್ಲಿ ಮನೆ ಖಾಲಿಯಾಗಿದೆ, ಬೀಗ ಮಾತ್ರ ಹಾಕಿದಂತೆಯೇ ಇದೆ. ಮೂರರಲ್ಲಿ ಎರಡು ಪಂದ್ಯ ಗೆದ್ದು ಅಂಕದಲ್ಲಿ ಜರ್ಮನಿ, ಆಸ್ಟ್ರಿಯಗಳಿಗೆ ಸಮನಾಗಿ ನಿಂತ ತಂಡಕ್ಕೆ ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಅದೇ ವರ್ಷ, ಇನ್ನೊಂದು ಗುಂಪಿನಲ್ಲಿ ಕ್ಯಾಮರೂನಿಗೂ ಮೊದಲ ವಿಶ್ವಕಪ್. ಅದು ಪೆರುವಿನೊಡನೆ 0-0, ಪೋಲೆಂಡಿನೊಡನೆ 0-0, ಇಟಲಿಯೊಡನೆ 1-1 ಮಾಡಿಕೊಂಡಿತು. ಒಂದು ಪಂದ್ಯವನ್ನೂ ಸೋಲದೆ ಅದು ಊರಿಗೆ ಹಿಂತಿರುಗಿತು. ಇಟಲಿಯೂ ಮೂರು ಪಂದ್ಯಗಳನ್ನು ಸಮ ಮಾಡಿಕೊಂಡಿತ್ತು, ಆದರೆ ಅದರ ಖಾತೆಯಲ್ಲಿ ಎರಡು ಗೋಲು, ಕ್ಯಾಮರೂನಿನ ಖಾತೆಯಲ್ಲಿ ಒಂದು. ಇಲ್ಲಿ ಯಾರ ಮೋಸವೂ ಇಲ್ಲ, ಬರಿಯ ಅಂಕಗಣಿತ. ಕೊನೆಗೆ ಆ ವರ್ಷದ ಅಂತಿಮ ಪಂದ್ಯದಲ್ಲಿ ಎದುರುಬದುರಾದವರು ಯಾರು? ಇಟಲಿ ಮತ್ತು ಪಶ್ಚಿಮ ಜರ್ಮನಿ. ಕಪ್ಪಿಗಾಗಿ ಸೆಣಸಿದ ಇಬ್ಬರೂ ತಮ್ಮ ತಮ್ಮ ಗುಂಪಿನಲ್ಲಿ, ತಾವು ಸೋಲಿಸಲಾಗದ ಒಂದು ಆಫ್ರಿಕದ ತಂಡವನ್ನು ಲೆಕ್ಕದ ಪುಸ್ತಕದಲ್ಲಿ ಮಾತ್ರ ಹಿಂದಿಕ್ಕಿ ಮೇಲೆ ಬಂದವರು. ಇಟಲಿ ಗೆದ್ದದ್ದನ್ನು ಚರಿತ್ರೆ ಬರೆದಿಟ್ಟಿದೆ, ಬರೆಯಬೇಕಾದದ್ದೇ. ಈ ಇನ್ನೊಂದು ಸಂಗತಿಯನ್ನು ಅಭಿಮಾನಿ ಬರೆದಿಟ್ಟುಕೊಳ್ಳಬೇಕು.

ಅಂಕಗಣಿತ ಕೈಚೆಲ್ಲಿದ ಸಂದರ್ಭಗಳೂ ಉಂಟು. 1990ರಲ್ಲಿ ಐರ್ಲೆಂಡ್ ಮತ್ತು ಹಾಲೆಂಡ್ ಅಂಕದಲ್ಲಿ, ಹೊಡೆದ ಗೋಲಿನಲ್ಲಿ, ಬಿಟ್ಟ ಗೋಲಿನಲ್ಲಿ ತೂಕದ ಕಲ್ಲಿನಂತೆ ಸಮನಾಗಿ ನಿಂತವು. ಚೀಟಿ ಎತ್ತಿ ಎರಡನೆಯ ಸ್ಥಾನವನ್ನು ಐರ್ಲೆಂಡಿಗೆ ಕೊಟ್ಟರು. 1994ರಲ್ಲಿ ಒಂದು ಗುಂಪಿನ ನಾಲ್ಕೂ ತಂಡಗಳಿಗೆ ತಲಾ 4 ಅಂಕ ಬಂದವು. ಕಡಮೆ ಗೋಲು ಹೊಡೆದ ನಾರ್ವೆ ಹೊರಬಿತ್ತು, ಅದೇ ಗುಂಪಿನಲ್ಲಿ ಮೂರನೆಯದಾಗಿ ಉಳಿದ ಇಟಲಿ ಅಂತಿಮ ಪಂದ್ಯದವರೆಗೆ ಹೋಯಿತು. 2018ರಲ್ಲಿ ಇನ್ನೂ ಸೂಕ್ಷ್ಮವಾದ ತಕ್ಕಡಿಯನ್ನು ತಂದರು. ಜಪಾನ್ ಮತ್ತು ಸೆನೆಗಲ್ ಎಲ್ಲದರಲ್ಲಿಯೂ ಸಮ. ಜಪಾನಿಗೆ ನಾಲ್ಕು ಹಳದಿ ಚೀಟಿ, ಸೆನೆಗಲ್‌ಗೆ ಆರು. ಸದ್ವರ್ತನೆಯ ಲೆಕ್ಕದಲ್ಲಿ ಜಪಾನ್ ಮುಂದಕ್ಕೆ ಹೋಯಿತು. ಆ ಕೊನೆಯ ಪಂದ್ಯದಲ್ಲಿ ಜಪಾನ್ ಪೋಲೆಂಡಿಗೆ 0-1ರಿಂದ ಸೋಲುತ್ತಿತ್ತು. ಇನ್ನೊಂದು ಮೈದಾನದಲ್ಲಿ ಕೊಲಂಬಿಯ ಸೆನೆಗಲ್ ಮೇಲೆ ಒಂದು ಗೋಲು ಹೊಡೆದ ಸುದ್ದಿ ಬಂದ ಮೇಲೆ, ಸುಮಾರು ಹತ್ತು ನಿಮಿಷಗಳ ಕಾಲ ಜಪಾನಿನವರು ಚೆಂಡನ್ನು ತಮ್ಮ ಅಂಗಳದಲ್ಲೇ ಉರುಳಿಸುತ್ತ ತಮ್ಮ ಸೋಲನ್ನು ಜೋಪಾನವಾಗಿ ಕಾಪಾಡಿಕೊಂಡರು. ಪ್ರೇಕ್ಷಕರು ಸಿಳ್ಳು ಹಾಕಿದರು. ನನಗೆ ಸಿಟ್ಟೂ ಬಂತು, ಕರುಣೆಯೂ ಬಂತು. ಸೆನೆಗಲ್ ಒಂದು ಗೋಲು ಹೊಡೆದಿದ್ದರೆ ಜಪಾನಿನವರ ಈ ಜಾಣತನವೇ ನಗೆಪಾಟಲಾಗುತ್ತಿತ್ತು. ತಮ್ಮ ಹಣೆಯಬರಹವನ್ನು ಪರರ ಕೈಗೆ ಕೊಟ್ಟು ನಿಂತವರ ಮುಖಗಳು ಅವು. ಆಟ ಬಿಟ್ಟು ಗಳಿಸಿದ್ದನ್ನು ಸದ್ವರ್ತನೆಯ ಖಾತೆಗೆ ಬರೆದುಕೊಂಡದ್ದು ಮಾತ್ರ ಇಂದಿಗೂ ನನಗೆ ಜೀರ್ಣವಾಗಿಲ್ಲ.

ಇನ್ನೊಂದು ಮೈದಾನದ ಮಾತು ಬಂತು. ಅದು ಹಿಹೋನ್ ನಮಗೆ ಬಿಟ್ಟುಹೋದ ಆಸ್ತಿ. ಆಲ್ಜೀರಿಯದ ದೂರನ್ನು ತಳ್ಳಿಹಾಕಿದ ಅಧಿಕಾರಿಗಳು ಒಳಗೊಳಗೆ ಪಾಠ ಕಲಿತರು. 1978ರಲ್ಲಿಯೂ, ಬ್ರೆಜಿಲ್ ಆಡಿ ಮುಗಿಸಿದ ಮೇಲೆ ಕಣಕ್ಕಿಳಿದ ಆರ್ಜೆಂಟೀನ, ತನಗೆ ನಾಲ್ಕು ಗೋಲುಗಳ ಅಂತರ ಬೇಕೆಂದು ತಿಳಿದುಕೊಂಡೇ ಪೆರುವನ್ನು 6-0ರಿಂದ ಸೋಲಿಸಿತ್ತು. ಆಗ ಏಳದ ಎಚ್ಚರ ಈಗ ಎದ್ದಿತು. 1986ರ ವಿಶ್ವಕಪ್ಪಿನಿಂದ ಗುಂಪಿನ ಕೊನೆಯ ಎರಡು ಪಂದ್ಯಗಳು ಒಂದೇ ಹೊತ್ತಿಗೆ, ಎರಡು ಬೇರೆ ಮೈದಾನಗಳಲ್ಲಿ ಆರಂಭವಾಗುತ್ತವೆ. ನಮ್ಮ ದೇಶದಲ್ಲಿ ಬಹಳ ಮಂದಿ ವಿಶ್ವಕಪ್ಪನ್ನು ದೂರದರ್ಶನದಲ್ಲಿ ನೇರವಾಗಿ ಕಂಡದ್ದು ಆ ವರ್ಷವೇ. ಮೆಕ್ಸಿಕೊದ ನಡುಹಗಲು ನಮಗೆ ರಾತ್ರಿ ಹನ್ನೊಂದೂವರೆ. ಮನೆಯವರೆಲ್ಲ ಮಲಗಿದ ಮೇಲೆ ಸದ್ದು ತಗ್ಗಿಸಿ, ಗೋಲು ಬಂದಾಗ ಬಾಯಿಗೆ ಕೈ ಅಡ್ಡ ಹಿಡಿದು ನೋಡುವ ಅಭ್ಯಾಸ ನಮ್ಮ ತಲೆಮಾರಿಗೆ ಬಂದದ್ದು ಆಗ.

ಒಂದೇ ಹೊತ್ತಿನ ಎರಡು ಪಂದ್ಯಗಳನ್ನು ನೋಡುವವನ ಸ್ಥಿತಿ ವರ್ಣನೆಗೆ ಅರ್ಹವಾದದ್ದು. ಒಂದು ಕಣ್ಣಿನ ಪಾಲು, ಇನ್ನೊಂದು ಕಿವಿಯ ಪಾಲು. ಎದುರಿಗೆ ಕಾಣುವ ಆಟದಲ್ಲಿ ಏನೂ ನಡೆಯುತ್ತಿಲ್ಲ. ಇದ್ದಕ್ಕಿದ್ದಂತೆ ಪ್ರೇಕ್ಷಕರ ಒಂದು ಮೂಲೆಯಿಂದ ಹರ್ಷೋದ್ಗಾರ ಏಳುತ್ತದೆ. ಕಾಣದ ಮೈದಾನದಲ್ಲಿ ಏನೋ ಆಗಿದೆ! ಆ ಸುದ್ದಿ ಬೆಂಕಿಯಂತೆ ಸಾಲಿನಿಂದ ಸಾಲಿಗೆ ಹಬ್ಬುತ್ತದೆ, ಆಟಗಾರರ ನಡಿಗೆಯೇ ಬದಲಾಗುತ್ತದೆ. ಬಾನುಲಿಯನ್ನು ಬಲ್ಲ ನಿಮಗೆ ಇದನ್ನು ಹೆಚ್ಚು ಹೇಳಬೇಕಾಗಿಲ್ಲ. ಕಂಡದ್ದಕ್ಕಿಂತ ಕೇಳಿದ್ದು ಎದೆಯನ್ನು ಹೆಚ್ಚು ಬಡಿಯುತ್ತದೆ.

2022ರಲ್ಲಿ ಕತಾರಿನಲ್ಲಿ ನಡೆದ ಪಂದ್ಯಾವಳಿಯ ಎರಡು ರಾತ್ರಿಗಳನ್ನು ನೆನೆಯುತ್ತೇನೆ. ಡಿಸೆಂಬರ್ 1ರಂದು, ನಮ್ಮಲ್ಲಿ ನಡುರಾತ್ರಿ ದಾಟಿ ಅರ್ಧ ಗಂಟೆಯಾಗಿದ್ದಾಗ, ಸ್ಪೇನ್ ಜಪಾನನ್ನೂ ಜರ್ಮನಿ ಕೋಸ್ಟರಿಕವನ್ನೂ ಎದುರಿಸಿದವು. ಕೋಸ್ಟರಿಕ ತನ್ನ ಮೊದಲ ಪಂದ್ಯದಲ್ಲಿ ಸ್ಪೇನಿನಿಂದ ಏಳು ಗೋಲು ತಿಂದು ಒಂದನ್ನೂ ಹೊಡೆಯದೆ ಬಂದಿತ್ತು. ಇನ್ನು ಅದನ್ನು ಲೆಕ್ಕಕ್ಕೆ ಹಿಡಿಯುವವರು ಯಾರು? ಆದರೆ ಆ ರಾತ್ರಿ ಜಪಾನ್ ಸ್ಪೇನಿನ ಮೇಲೆ 2-1ರಿಂದ ಮುಂದಿತ್ತು. ಜಪಾನಿನ ಎರಡನೆಯ ಗೋಲಿಗೆ ಮುನ್ನ ಚೆಂಡು ಗೆರೆ ದಾಟಿತೇ ಇಲ್ಲವೇ ಎಂಬುದು ಎರಡು ಮಿಲಿಮೀಟರಿಗೂ ಕಡಮೆ ಅಂತರದ ಪ್ರಶ್ನೆಯಾಗಿತ್ತು. ಅದೇ ಹೊತ್ತಿಗೆ ಕೋಸ್ಟರಿಕ ಜರ್ಮನಿಯ ಮೇಲೆ 2-1ರಿಂದ ಮುಂದೆ ಹೋಯಿತು. ಸುಮಾರು ಮೂರು ನಿಮಿಷಗಳ ಕಾಲ ಸ್ಪೇನ್, ಜರ್ಮನಿ ಎರಡೂ ಪಂದ್ಯಾವಳಿಯಿಂದ ಹೊರಗಿದ್ದವು! ಜಪಾನ್ ಮತ್ತು ಕೋಸ್ಟರಿಕ ಒಳಗಿದ್ದವು. ಆಮೇಲೆ ಜರ್ಮನಿ ಎಚ್ಚೆತ್ತು 4-2ರಿಂದ ಗೆದ್ದಿತು, ಗೆದ್ದೂ ಮನೆಗೆ ಹೋಯಿತು. ಕೋಸ್ಟರಿಕದ ಪಾಲಿಗೆ ಉಳಿದದ್ದು ಆ ಮೂರು ನಿಮಿಷ. ಆ ಮೂರು ನಿಮಿಷ ನಾನು ಕುರ್ಚಿಯಲ್ಲಿ ಕೂತಿರಲಿಲ್ಲ.

ಮರುದಿನ ಡಿಸೆಂಬರ್ 2. ದಕ್ಷಿಣ ಕೊರಿಯ ಪೋರ್ಚುಗಲ್ ಎದುರು ತೊಂಬತ್ತು ನಿಮಿಷ ಮೀರಿದ ಮೇಲೆ ಗೋಲು ಹೊಡೆದು 2-1ರಿಂದ ಗೆದ್ದಿತು. ಅವರ ಪಂದ್ಯ ಮುಗಿಯಿತು, ಇನ್ನೊಂದು ಮುಗಿದಿರಲಿಲ್ಲ. ಅಲ್ಲಿ ಉರುಗ್ವೆ ಘಾನಾದ ಮೇಲೆ 2-0ರಿಂದ ಮುಂದಿತ್ತು. ಇನ್ನೊಂದು ಗೋಲು ಹೊಡೆದರೆ ಕೊರಿಯ ಹೊರಗೆ. ಗೆದ್ದ ಕೊರಿಯನ್ನರು ಮೈದಾನದ ನಡುವೆ ಒಬ್ಬರನ್ನೊಬ್ಬರು ತಬ್ಬಿ ವೃತ್ತವಾಗಿ ನಿಂತು, ಒಂದು ಪುಟ್ಟ ಫೋನಿನಲ್ಲಿ ಪರರ ಆಟವನ್ನು ನೋಡುತ್ತಿದ್ದರು. ಮೈದಾನದಲ್ಲಿ ಚೆಂಡಿಲ್ಲ, ರೆಫರಿಯಿಲ್ಲ, ಎದುರಾಳಿಗಳಿಲ್ಲ. ಆದರೂ ಅವರ ಪಂದ್ಯ ನಡೆಯುತ್ತಲೇ ಇತ್ತು. ನಾವು ಅಭಿಮಾನಿಗಳು ಆಯುಷ್ಯವಿಡೀ ಮಾಡುವ ಕೆಲಸ ಅದೇ. ಆ ಕೆಲವು ನಿಮಿಷ ಆಟಗಾರರೂ ನಮ್ಮ ಹಾಗೆಯೇ ಕೈ ಕಟ್ಟಿ ನೋಡುವವರಾದರು. ಉರುಗ್ವೆಯ ಸುವಾರೆಜ್ ಹೊರಗೆ ಬೆಂಚಿನಲ್ಲಿ ಕುಳಿತು ಅಳುತ್ತಿದ್ದ. 2010ರಲ್ಲಿ ಇದೇ ಸುವಾರೆಜ್ ಗೋಲಿನ ಗೆರೆಯ ಮೇಲೆ ಚೆಂಡನ್ನು ಕೈಯಿಂದ ತಡೆದು ಘಾನಾದ ಕನಸನ್ನು ಒಡೆದಿದ್ದ. ಅದನ್ನು ಮರೆಯದ ಘಾನಾದ ಅಭಿಮಾನಿಗಳು, ತಾವು ಸೋತು ಹೊರಬಿದ್ದರೂ, ಉರುಗ್ವೆಯೂ ಹೊರಬಿತ್ತೆಂದು ಸಂತೋಷಪಟ್ಟರು. ಇದನ್ನು ಸಣ್ಣತನವೆಂದು ತಳ್ಳಿಬಿಡಲು ನನಗೆ ಮನಸ್ಸು ಬಾರದು. ಹನ್ನೆರಡು ವರ್ಷ ಒಂದು ನೋವನ್ನು ಕಾಪಾಡಿಕೊಂಡು ಬಂದವರಿಗೆ ಲೆಕ್ಕದ ಪುಸ್ತಕ ಸಂದಾಯ ಮಾಡಿದ ಬಡ್ಡಿ ಅದೊಂದೇ.

ಹಾಗಾದರೆ ಲೆಕ್ಕವೇ ಎಲ್ಲವೂ ಆಯಿತೇ? ಇಲ್ಲ ಎನ್ನುವುದಕ್ಕೆ ನನ್ನ ಬಳಿ ಒಂದು ಸಾಕ್ಷಿಯಿದೆ. 2018ರಲ್ಲಿ ಪನಾಮ ಮೊದಲ ಬಾರಿಗೆ ವಿಶ್ವಕಪ್ಪಿಗೆ ಬಂದಿತು. ಬೆಲ್ಜಿಯಮ್ಮಿಗೆ 0-3ರಿಂದ ಸೋತು, ಇಂಗ್ಲೆಂಡಿನ ಎದುರು ವಿರಾಮಕ್ಕೇ ಐದು ಗೋಲು ತಿಂದಿತ್ತು. ಆಮೇಲೆ ಆರನೆಯದೂ ಆಯಿತು. 78ನೆಯ ನಿಮಿಷದಲ್ಲಿ ಬದಲಿಯಾಗಿ ಬಂದ ಮೂವತ್ತೇಳು ವರ್ಷದ ಫೆಲಿಪೆ ಬಲೊಯ್ ಎಂಬಾತ ಒಂದು ಗೋಲು ಹೊಡೆದ. 1-6. ಲೆಕ್ಕದ ದೃಷ್ಟಿಯಿಂದ ಅದಕ್ಕೆ ಮೂರು ಕಾಸಿನ ಬೆಲೆಯಿಲ್ಲ. ಆದರೆ ಪನಾಮದ ಜನ ಕಪ್ಪೇ ಗೆದ್ದವರಂತೆ ಕುಣಿದರು, ಅತ್ತರು, ಅಪ್ಪಿಕೊಂಡರು. ಒಂದು ದೇಶ ವಿಶ್ವಕಪ್ಪಿನಲ್ಲಿ ಹೊಡೆದ ಮೊತ್ತಮೊದಲ ಗೋಲು ಅದು. ಎರಡನೆಯ ಸಲ ಯಾರೂ ಮೊದಲ ಗೋಲು ಹೊಡೆಯಲಾರರು. ಗೆದ್ದ ಇಂಗ್ಲೆಂಡಿನವರ ಆರು ಗೋಲುಗಳಲ್ಲಿ ಯಾವುದು ಹೇಗೆ ಬಂತೆಂದು ನನಗೆ ಈಗ ನೆನಪಿಲ್ಲ. ಬಲೊಯ್ ಮೈಚೆಲ್ಲಿ ಜಾರುತ್ತ ಬಂದು ಚೆಂಡನ್ನು ಒಳಕ್ಕೆ ನೂಕಿದ್ದು ಕಣ್ಣಿಗೆ ಕಟ್ಟಿದಂತಿದೆ.

ಇಂಥ ಕ್ಷಣಗಳು ದೊಡ್ಡವರನ್ನು ಕೆಡವಿದಾಗ ಇನ್ನೂ ಎತ್ತರಕ್ಕೆ ಹೋಗುತ್ತವೆ. 1990ರಲ್ಲಿ ಮಿಲಾನಿನ ಮೊದಲ ಪಂದ್ಯದಲ್ಲಿ ಇಬ್ಬರನ್ನು ರೆಫರಿ ಹೊರಗಟ್ಟಿದರೂ ಕ್ಯಾಮರೂನ್ ಮರಡೋನನ ಆರ್ಜೆಂಟೀನವನ್ನು 1-0ರಿಂದ ಸೋಲಿಸಿತು. 2002ರ ಮೇ 31ರಂದು, ಸೋಲಿನಲ್ಲಿ ನಡೆದ ಪಂದ್ಯದಲ್ಲಿ ಸೆನೆಗಲ್ ತನ್ನನ್ನು ಒಮ್ಮೆ ಆಳಿದ ಫ್ರಾನ್ಸನ್ನು, ಅಂದಿನ ವಿಶ್ವವಿಜಯಿಯನ್ನು, ಸೋಲಿಸಿತು. ಗೋಲು ಹೊಡೆದ ಪಾಪಾ ಬೂಬಾ ಡಿಯೋಪ್ ತನ್ನ ಅಂಗಿಯನ್ನು ಕಳಚಿ ಮೈದಾನದ ಮೂಲೆಯಲ್ಲಿ ನೆಲಕ್ಕೆ ಹಾಸಿದ. ಗೆಳೆಯರೆಲ್ಲ ಅದರ ಸುತ್ತ ಕುಣಿದರು. 2020ರಲ್ಲಿ, ನಲವತ್ತೆರಡೇ ವರ್ಷಕ್ಕೆ, ಆತ ತೀರಿಕೊಂಡ ಸುದ್ದಿ ಬಂದಾಗ ಜಗತ್ತಿನ ಪತ್ರಿಕೆಗಳೆಲ್ಲ ನೆನೆದದ್ದು ಆ ಅಂಗಿಯನ್ನು. 2022ರಲ್ಲಿ ಸೌದಿ ಅರೇಬಿಯ ಆರ್ಜೆಂಟೀನವನ್ನು 2-1ರಿಂದ ಸೋಲಿಸಿತು. ಮರುದಿನ ಆ ದೇಶಕ್ಕೆಲ್ಲ ರಜೆ. ಉಳಿದೆರಡು ಪಂದ್ಯ ಸೋತು ಸೌದಿ ಗುಂಪಿನ ತಳದಲ್ಲಿ ನಿಂತಿತು, ಆರ್ಜೆಂಟೀನ ಕಪ್ಪು ಗೆದ್ದಿತು. ಆದರೂ ವಿಶ್ವವಿಜಯಿಯನ್ನು ಆ ಪಂದ್ಯಾವಳಿಯಲ್ಲಿ ಸೋಲಿಸಿದವರು ಯಾರೆಂದು ಕೇಳಿದರೆ ಉತ್ತರ ಒಂದೇ.

ಇದೆಲ್ಲವನ್ನೂ ನಾನು ನೆನೆಯುವುದಕ್ಕೆ ಬರಿಯ ಮೋಹವಲ್ಲದ ಒಂದು ಕಾರಣವಿದೆ. 2026ರಿಂದ ವಿಶ್ವಕಪ್ಪಿನ ತಂಡಗಳ ಸಂಖ್ಯೆಯನ್ನು 32ರಿಂದ 48ಕ್ಕೆ ಏರಿಸಿದ್ದಾರೆ. ಮೊದಲು ಮೂರು ಮೂರು ತಂಡಗಳ ಹದಿನಾರು ಗುಂಪುಗಳೆಂದು ನಿಶ್ಚಯಿಸಿದ್ದರು. ಮೂವರ ಗುಂಪಿನಲ್ಲಿ ಕೊನೆಯ ಪಂದ್ಯ ಆಡುವವರು ಇಬ್ಬರು, ಸುಮ್ಮನೆ ನೋಡುತ್ತ ಕೂರುವವನು ಒಬ್ಬ. ಎಂದರೆ ಪ್ರತಿ ಗುಂಪಿನಲ್ಲಿಯೂ ಒಂದು ಹಿಹೋನಿಗೆ ಬಾಗಿಲು ತೆರೆದಿಟ್ಟಂತೆ. ಕತಾರಿನ ಆ ರಾತ್ರಿಗಳನ್ನು ಕಂಡ ಮೇಲೆ, 2023ರಲ್ಲಿ, ಆ ಯೋಜನೆಯನ್ನು ಕೈ ಬಿಟ್ಟು ನಾಲ್ವರ ಹನ್ನೆರಡು ಗುಂಪುಗಳಿಗೆ ಮರಳಿದರು. ಸಂತೋಷ. ಆದರೆ ಮೊದಲ ಇಬ್ಬರ ಜೊತೆಗೆ ಮೂರನೆಯ ಸ್ಥಾನದ ಎಂಟು ಉತ್ತಮ ತಂಡಗಳನ್ನೂ ಮುಂದಕ್ಕೆ ಕಳುಹಿಸುವ ನಿಯಮವಿದೆ. ಮೊದಲು ಮುಗಿದ ಗುಂಪಿನ ಮೂರನೆಯವನಿಗೆ ಎಷ್ಟು ಅಂಕವೆಂಬುದು, ಕೊನೆಯಲ್ಲಿ ಆಡುವ ಗುಂಪಿನವರಿಗೆ ಮೊದಲೇ ಗೊತ್ತಿರುತ್ತದೆ. ಮುಂಬಾಗಿಲಿನಿಂದ ಹೊರಗೆ ಕಳಿಸಿದ್ದು ಹಿತ್ತಿಲ ಬಾಗಿಲಿನಿಂದ ಬರಬಹುದು. ಹೆಚ್ಚು ದೇಶಗಳು ಬರುವುದು ನನ್ನಂಥವನಿಗೆ ಹಬ್ಬವೇ. ಚಿಕ್ಕವರು ಅಂಗಳಕ್ಕೆ ಬಂದರೆ ಬೇಡವೆನ್ನುವವನು ನಾನಲ್ಲ. ಆದರೆ ಕರೆದ ಮೇಲೆ ಅವರನ್ನು ಲೆಕ್ಕಕ್ಕೆ ಹಿಡಿಯಬೇಕು. ಎಲ್ಲರೂ ಒಂದೇ ಹೊತ್ತಿಗೆ, ಪರರ ಲೆಕ್ಕ ತಿಳಿಯದೆ, ತಮ್ಮ ಶಕ್ತಿಯನ್ನಷ್ಟೇ ನಂಬಿ ಆಡಬೇಕಾದ ಸ್ಥಿತಿ ಇದ್ದಾಗಲೇ ಬಡವನ ಗೆಲುವಿಗೆ ಬೆಲೆ.

ಆಲ್ಜೀರಿಯ ಕೊನೆಗೂ ಗುಂಪಿನ ಹಂತವನ್ನು ದಾಟಿತು. ಅದಕ್ಕೆ ಮೂವತ್ತೆರಡು ವರ್ಷ ಹಿಡಿಯಿತು. 2014ರಲ್ಲಿ ಬ್ರೆಜಿಲಿನಲ್ಲಿ ರಷ್ಯದೊಡನೆ 1-1 ಸಮ ಮಾಡಿಕೊಂಡು ಮುಂದಿನ ಸುತ್ತಿಗೆ ಬಂದಾಗ ಅದರ ಎದುರಿಗೆ ನಿಂತಿದ್ದುದು ಜರ್ಮನಿಯೇ. ತೊಂಬತ್ತು ನಿಮಿಷಗಳಲ್ಲಿ ಒಂದೂ ಗೋಲಿಲ್ಲ; ಹೆಚ್ಚುವರಿ ಅವಧಿಯಲ್ಲಿ ಆಲ್ಜೀರಿಯ 1-2ರಿಂದ ಸೋತಿತು. ಆ ವರ್ಷದ ಕಪ್ಪು ಜರ್ಮನಿಗೆ ಹೋಯಿತು. ಹಳೆಯ ಸಾಲ ತೀರಲಿಲ್ಲ. ಆದರೆ ಒಂದು ಮಾತು. ಇಂದು ಪ್ರಪಂಚದ ಯಾವ ಮೂಲೆಯಲ್ಲಿ ವಿಶ್ವಕಪ್ಪು ನಡೆದರೂ, ಗುಂಪಿನ ಕೊನೆಯ ದಿನ ಎರಡು ಮೈದಾನಗಳಲ್ಲಿ ಇಬ್ಬರು ರೆಫರಿಗಳು ಒಂದೇ ಕ್ಷಣಕ್ಕೆ ಸೀಟಿ ಊದುತ್ತಾರೆ. ಹಾಗೆ ಊದುವಂತೆ ಮಾಡಿದವರು ಕಪ್ಪು ಗೆದ್ದ ಯಾವ ದೇಶದವರೂ ಅಲ್ಲ. 1982ರಲ್ಲಿ ಎರಡು ಪಂದ್ಯ ಗೆದ್ದು ಮನೆಗೆ ಹೋದ ಹನ್ನೊಂದು ಮಂದಿ. ತಾವು ಲೆಕ್ಕಕ್ಕೆ ಸೇರದೆ ಹೋದರೂ ಲೆಕ್ಕ ಬರೆಯುವ ಕ್ರಮವನ್ನೇ ಅವರು ತಿದ್ದಿದರು. ಆ ಎರಡು ಸೀಟಿಗಳು ಕೇಳಿದಾಗಲೆಲ್ಲ ನಾನು ಅವರಿಗೆ ಮನಸ್ಸಿನಲ್ಲೇ ಒಂದು ನಮಸ್ಕಾರ ಹೇಳಿ, ಆಮೇಲೆ ಆಟ ನೋಡಲು ಕೂರುತ್ತೇನೆ.